ಕಂಬಳಿಯೊಳಗಿನ ಕಂಪ್ಯೂಟರ್

ತುರೋರಿ, ೯ ನವೆಂಬರ್ ೨೦೦೩

ಕುರಿದೊಡ್ಡಿಯಲ್ಲಿ ಕಂಬಳಿ ಸುತ್ತಿ ಟಿವಿಗೆ ಜೋಡಿಸಿ ನಡೆಸುವ ಒಂದು ಹಳೆಯ ಕಂಪ್ಯೂಟರ್ ಇಟ್ಟಿದ್ದೇನೆಂದು ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ. ಹತ್ತು ವರ್ಷದ ಹಿಂದಿನ ಭೂಕಂಪದ ನಂತರ ಸಾಸ್ತೂರಿನ ಮಕ್ಕಳಿಗೆ ಯಾರೋ ಕೊಟ್ಟದ್ದು; ತಾಮ್ರಕ್ಕಾಗಿ ಒಡೆಯುವ ಮೊದಲು ಉಮರ್ಗಾದ ಭಂಗಾರದ, ಅಂದರೆ ಗುಜರಿ ಸಾಮಾನಿನ, ಅಂಗಡಿಯಿಂದ ತಂದಿದ್ದೆ.

ಇವತ್ತು ಆಯಿ ಅದನ್ನು ಕಂಡು, ಗುಂಡಿಗಳ ಮೇಲೆಲ್ಲ ಬೀರಪ್ಪನ ಭಂಡಾರ ಹಚ್ಚಿದಳು. ಅರಿಶಿನಪುಡಿ ಒಳಗಿಳಿಯಿತು.

“ಆಯಿ, ಅದು ಕೆಡ್ತದ.”

“ದೇವರು ಒಳಗ ಹೋದ್ರ ಕೆಡ್ತದೇನೋ, ಹುಚ್ಚ?”

ಟಿವಿಗೆ ಜೋಡಿಸಿದೆ. ಪುಡಿಗೆ ಸಿಕ್ಕಿಕೊಂಡ ಗುಂಡಿಯ ಒಂದೇ ಅಕ್ಷರ ನೀಲಿ ಪರದೆಯ ತುಂಬ ಸಾಲುಸಾಲಾಗಿ ತಾನೇ ನಡೆಯತೊಡಗಿತು. “ಕುರಿ ಹೊಂಟಾವ ನೋಡು” ಎಂದಳು ಆಯಿ. ಆರಿಸಲು ಮನಸ್ಸಾಗಲಿಲ್ಲ. ಆ ನೀಲಿಯಲ್ಲಿ ನಾನೂ ಎಲ್ಲಿಗೋ ನಡೆಯುತ್ತಿದ್ದೆ.

“ಕೆಟ್ಟದ್ದು ಯಾಕ ಬೇಕು? ಭಂಗಾರದವಗ ಕೊಟ್ಟು ಬಾ” ಎಂದ ಅಪ್ಪ. ಫೋನ್ ಮಾಡಿ ಕೇಳಿದ್ದಕ್ಕೆ ಉದಗೀರದ ರೇಡಿಯೊ ರಿಪೇರಿಯವರು ತರಲು ಹೇಳಿದ್ದಾರೆ. ಸರಿಹೋಗುತ್ತದೋ ಇಲ್ಲವೋ ಗೊತ್ತಿಲ್ಲ. ನಾಳೆ ಬೆಳಿಗ್ಗೆ ಹೋಗುತ್ತೇನೆ.