ಹೊಸ ಲ್ಯಾಪ್‌ಟಾಪ್ ಬೇಡ

ಅಣ್ಣಾ,

ಹೊಸ ಲ್ಯಾಪ್‌ಟಾಪ್ ಬೇಡವೆಂದು ಅಪ್ಪನಿಗೆ ಹೇಳಿದ್ದೇನೆ. ಗೇಮ್‌ನಲ್ಲಿ ಸೋತ ಸಿಟ್ಟಿಗೆ ನೀನು ಗುದ್ದಿದಾಗ ಮುರಿದದ್ದು ಕೀಬೋರ್ಡ್ ಮಾತ್ರ. ರಿಪೇರಿಯವನು ನಿನ್ನೆ ಅದನ್ನು ಬದಲಿಸಿ, "ಒಂದಾಟ ಆಡಿ ನೋಡಮ್ಮ, ಬಿಸಿ ಆಗುತ್ತಾ ಅಂತ" ಎಂದ. ನಿನ್ನ ಹೆಸರಿನಲ್ಲೇ ಆಡಿದೆ. ಗೆದ್ದೆ. ಮೆಷಿನ್ ಸ್ಲೋ ಎಂದು ವರ್ಷವಿಡೀ ಗೋಳಾಡಿದೆಯಲ್ಲ, ಕುಣಿಯಲಾರದವನಿಗೆ ನೆಲ ಡೊಂಕು.

ಹೆಡ್‌ಫೋನಿನಲ್ಲಿ ನಿನ್ನ ತಂಡದವರು, "ಏನೋ ಗುರೂ, ಇವತ್ತು ಮನುಷ್ಯರ ಥರ ಆಡ್ತಿದೀಯ!" ಎಂದರು. "ಆಡ್ತಿರೋದು ಅವನ ತಂಗಿ" ಎಂದೆ. ಅವರಲ್ಲೊಬ್ಬ, "ನಾಳೆ ಫೈನಲ್‌ಗೆ ನೀನೇ ಬಾರಮ್ಮ. ಅವನಿಗೂ ನೀನೇ ಹೇಳ್ಬಿಡು" ಎಂದ.

ಹೇಳಿದ್ದೇನೆ. ಫೈನಲ್‌ಗೆ ಲ್ಯಾಪ್‌ಟಾಪ್ ಒಯ್ದಿದ್ದೇನೆ.

ಊಟ ಫ್ರಿಜ್‌ನಲ್ಲಿದೆ, ಬಿಸಿ ಮಾಡಿಕೊ. ಓವನ್ನಿನ ಬಟನ್ ಮೆಲ್ಲಗೆ ಒತ್ತು.