ನನ್ನ ಫೋಟೋ ಇರುವ ಚೀಲ

ನವೆಂಬರ್ 12, ಬೆಳಿಗ್ಗೆ

ಟೀ ತಣ್ಣಗಾಯಿತು. ಪೇಪರಿನ ಮೊದಲ ಪುಟದಲ್ಲಿ ಎಲಿನಾ. ಯಾವುದೋ ಹಳ್ಳಿಯಲ್ಲಿ ಚಾಪೆಯ ಮೇಲೆ ಕುಳಿತು ಬೇಯಿಸಿದ ಮಾವಿನಕಾಯಿ ತಿನ್ನುತ್ತಿದ್ದಾಳೆ. ಹಸಿದವರ ಜೊತೆ ಒಂದು ರಾತ್ರಿ ಇದ್ದಳಂತೆ. ಮಾರನೆಯ ದಿನ ಸಂಸತ್ತಿನಲ್ಲಿ ಅತ್ತಳಂತೆ. ಟೀಚರ್ಸ್ ಕಾಲೇಜಿನಲ್ಲಿ ಒಂದೇ ರೂಮಿನವರು ನಾವು. ಆಗಲೂ ಅವಳಿಗೆ ಅಳು ಬೇಕೆಂದಾಗ ಬರುತ್ತಿತ್ತು.

ಹ್ಯಾಸ್‌ವೆಲ್ ನನ್ನೆದುರೇ ಪೂರ್ತಿ ಓದಿದ. "ಚೆನ್ನಾಗಿ ಮಾತಾಡಿದ್ದಾಳೆ ಕಣೇ."

"ಕೃಷಿ ಮಂತ್ರಿ ನಾನು. ಅವಳದು ಮಹಿಳಾ ಕಲ್ಯಾಣ."

"ಗೊತ್ತು ಮಾರಾಯ್ತಿ. ಆದ್ರೂ ಚೆನ್ನಾಗಿ ಮಾತಾಡಿದ್ದಾಳೆ."

ಗಂಡನಂತೆ, ಗಂಡ.

ನವೆಂಬರ್ 14

ಸಂಪುಟ ಸಭೆ. ಎಲಿನಾ ನೇರ ನನ್ನ ಮೆಕ್ಕೆಜೋಳದ ಬೀಜದ ಯೋಜನೆಗೇ ಕೈ ಹಾಕಿದಳು. ಎರಡನೆಯ ಕಂತಿನ ಬೀಜ ನಿಲ್ಲಿಸಿ, ಆ ದುಡ್ಡಿನಲ್ಲಿ ಮೊದಲು ಮನೆಮನೆಗೆ ಹಿಟ್ಟು ಕೊಡಬೇಕಂತೆ. ಬೀಜ ಆಮೇಲಂತೆ. ದೇಶದ ಅಧ್ಯಕ್ಷರು ತಲೆದೂಗಿದರು. ನಾನು ಮಾತಾಡುವಾಗ ಎಂದೂ ತೂಗದ ತಲೆ.

ಬೀಜದ ಚೀಲಗಳ ಮೇಲೆಲ್ಲ ನನ್ನ ಫೋಟೋ ಇದೆ. ಹಸಿರು ತಲೆವಸ್ತ್ರ ಕಟ್ಟಿ ನಗುತ್ತಿರುವುದು. ಅವಳ ಕಣ್ಣು ಅದರ ಮೇಲೇ — ನನಗೆ ಗೊತ್ತಿಲ್ಲವೇ.

ಅದೇ ಹಳ್ಳಿಗೆ ನಾನೇ ಹೋಗಿ ನೋಡಿ ಬರುತ್ತೇನೆ ಎಂದೆ. ಇಪ್ಪತ್ತೊಂದಕ್ಕೆ ವರದಿ, ಅವತ್ತೇ ತೀರ್ಮಾನ. ಅವಳು ಒಂದು ರಾತ್ರಿ ಇದ್ದಳಲ್ಲ? ನಾನು ಎರಡು ರಾತ್ರಿ ಇರುತ್ತೇನೆ.

ನವೆಂಬರ್ 17

ಒಂದು ರಾತ್ರಿಯೂ ಇರಲಿಲ್ಲ. ಸಂಜೆಗೇ ಹೊರಟು ಬಂದೆ.

ಊರು ಹೊಕ್ಕಾಗ ಖುಷಿಯೋ ಖುಷಿ. ಬೇಲಿಬೇಲಿಗೂ ತೊಳೆದು ಒಣಹಾಕಿದ ಖಾಲಿ ಚೀಲ — ಸಾಲಾಗಿ ನನ್ನ ಮುಖ. ಮಳೆಗೆ ಮುಂಚೆ ಒಣನೆಲದಲ್ಲೇ ಬಿತ್ತುವುದು ನಮ್ಮಲ್ಲಿ ಉಂಟು. ಬಿತ್ತಿ ಮುಗಿಸಿದ್ದಾರೆ ಅಂದುಕೊಂಡೆ. ಅಲ್ಲಿಂದಲೇ ಪೇಪರಿನವನಿಗೆ ಫೋನ್ ಮಾಡಿದೆ. "ಬಿತ್ತನೆ ಮುಗಿದಿದೆ, ಬರ್ಕೋ."

ಊಟ ಎಸ್ನಾತಿ ಎಂಬ ಅಜ್ಜಿಯ ಅಂಗಳದಲ್ಲಿ. ಅಷ್ಟು ವಯಸ್ಸಾದವಳು ಮಂಡಿಯೂರಿ ನನ್ನ ಕೈಗೆ ನೀರು ಹೊಯ್ದಳು. ತಟ್ಟೆ ತುಂಬ ಬಿಸಿ ನ್ಸಿಮಾ — ಮೆಕ್ಕೆಜೋಳದ ಮುದ್ದೆ — ಜೊತೆಗೆ ಕುಂಬಳದ ಸೊಪ್ಪು. ಮುದ್ದೆ ಯಾಕೋ ತುಸು ಕೆಂಪಗಿತ್ತು. ಹೆಂಗಸರೆಲ್ಲ ದೂರ ಕುಳಿತು ನೋಡುತ್ತಿದ್ದರು. ಎಲಿನಾ ಯಾವ ಹಸಿವು ಕಂಡಳೋ ಎಂದುಕೊಳ್ಳುತ್ತ ಪೂರ್ತಿ ಉಂಡೆ.

ಕೈ ತೊಳೆಯುವಾಗ ಅಜ್ಜಿ ಕೋಳಿಗೆ ಚಪ್ಪಲಿ ಎಸೆದಳು. ಒರಳಿನ ಪಕ್ಕ ಒಂದು ಬೋಗುಣಿ, ಅದರಲ್ಲಿ ಗುಲಾಬಿ ಬಣ್ಣದ ನೀರು.

"ಪಾಪ, ಕುಡೀಲಿ ಬಿಡಜ್ಜಿ."

"ಕುಡಿದ್ರೆ ಸತ್ತೋಗ್ತದೆ ತಾಯಿ. ಬೀಜ ತೊಳೆದ ನೀರು ಅದು."

"ಯಾವ ಬೀಜ?"

ಅಜ್ಜಿ ಬೇಲಿಯ ಮೇಲಿನ ನನ್ನ ಮುಖ ನೋಡಿದಳು. ಆಮೇಲೆ ನನ್ನನ್ನು. "ನೀವು ಕೊಟ್ಟಿದ್ದೇ. ಹೆದರ್ಕೋಬೇಡಿ. ನಮಗಾದ್ರೆ ಎರಡು ನೀರಲ್ಲಿ ತೊಳ್ಕೋತೀವಿ, ನಿಮಗೆ ಅಂತ ನೀರು ತಿಳಿಯಾಗೋವರೆಗೂ ತೊಳೆದೆ. ಔಷಧಿ ಎಲ್ಲ ಹೋಗಿದೆ."

ಹುಳ ಹಿಡಿಯದಂತೆ ಬೀಜಕ್ಕೆ ಆ ಔಷಧಿ ಬಳಿಸುವುದು ನನ್ನ ಇಲಾಖೆಯೇ. "ಮತ್ತೆ ಬಿತ್ತೋಕೆ?"

"ಊರಲ್ಲೆಲ್ಲ ಉಳಿದಿದ್ದೇ ನಾನು ಎತ್ತಿಟ್ಟಿದ್ದ ಎರಡು ಹಿಡಿ. ಊರಿಗೆ ಬಂದ ಮಂತ್ರಿ ಬರೀ ಹೊಟ್ಟೇಲಿ ಹೋದ್ರೆ ನಾವು ತಲೆ ಎತ್ಕೊಂಡು ಓಡಾಡೋದು ಹೆಂಗೆ, ಹೇಳಿ?"

ಕಾರು ಹತ್ತಿದೆ.

ನವೆಂಬರ್ 18

ರಾತ್ರಿಯಿಡೀ ಹೊಟ್ಟೆ ನುಲಿಯಿತು. ಅದು ಔಷಧಿಯೋ ಭಯವೋ ತಿಳಿಯದು. ಅಲ್ಲಿಯ ಮಕ್ಕಳು ಇಷ್ಟು ದಿನ ಎರಡೇ ನೀರಲ್ಲಿ ತೊಳೆದದ್ದನ್ನು ತಿಂದಿವೆ.

ಪೇಪರಿನಲ್ಲಿ ನಾನು. 'ಬಿತ್ತನೆ ಮುಗಿದಿದೆ: ಮಂತ್ರಿ.' ಹ್ಯಾಸ್‌ವೆಲ್ ಎಲಿನಾಳ ಹಳೆಯ ಪೇಪರು ತಂದು ಪಕ್ಕದಲ್ಲಿಟ್ಟ. "ನೋಡು, ನಿಂದೇ ದೊಡ್ಡ ಫೋಟೋ. ಈಗಲಾದ್ರೂ ನಗು."

ಇದೇ ಬೇಕಾಗಿತ್ತು ನನಗೆ. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುವುದಿಲ್ಲ. ಎರಡನೆಯ ಕಂತಿನ ಬೀಜ ಹೋಗುತ್ತದೆ, ನನ್ನ ಫೋಟೋ ಹೋಗುತ್ತದೆ. ಅದನ್ನೂ ತೊಳೆದು ತಿನ್ನುತ್ತಾರೆ. ಬಾಯಿ ಬಿಟ್ಟರೆ ಎಲಿನಾ ಗೆಲ್ಲುತ್ತಾಳೆ… ಬೇರೆ ಯಾರಾದರೂ ಆಗಿದ್ದರೆ ಈ ಹೊತ್ತಿಗೆ ಅಧ್ಯಕ್ಷರಿಗೆ ಫೋನ್ ಮಾಡಿರುತ್ತಿದ್ದೆ. ಅವಳೇ ಯಾಕಾಗಬೇಕಿತ್ತು?

ನವೆಂಬರ್ 21, ಸಭೆಯ ಹೊರಗೆ

ಇನ್ನೂ ಕರೆದಿಲ್ಲ. ಎಲಿನಾ ಬಂದು ಪಕ್ಕದಲ್ಲೇ ಕುಳಿತಳು.

"ಸೊರಗಿದ್ದೀಯಲ್ಲೇ ಡೋರಿಕಾ. ಊರಲ್ಲಿ ಏನು ಹಾಕಿದ್ರು ನಿಂಗೆ?"

"ನ್ಸಿಮಾ."

ಅವಳ ಮುಖ ಇಳಿದುಹೋಯಿತು. "ನಂಗೂ ಅದನ್ನೇ ಮಾಡೋಕೆ ಹೊರಟಿದ್ರು. ಎತ್ತಿಟ್ಟ ಬೀಜ ಒರಳಿಗೆ ಹಾಕೋ ಮುಂಚೇನೇ ಕೈ ಹಿಡ್ಕೊಂಡೆ. ಬೆಳಿಗ್ಗೆ ನೀವು ತಿಂದಿದ್ದನ್ನೇ ಕೊಡಿ ಅಂದೆ. ಅದಕ್ಕೇ ಮಾವಿನಕಾಯಿ. ಬೀಜ ತಿನ್ನೋದನ್ನ ಯಾರಿಗೂ ಹೇಳಬೇಡಿ ಅಂತ ಬೇಡ್ಕೊಂಡ್ರು, ಸಭೇಲಿ ಹಿಟ್ಟು ಮೊದಲು ಅಂತಷ್ಟೇ ಅಂದೆ."

ಗೊತ್ತಿತ್ತು ಅವಳಿಗೆ. ಕೇಳಿ ತಿಳಿದುಕೊಂಡಿದ್ದಳು. ನಾನು ಕೇಳಲಿಲ್ಲ, ಬಡಿಸಿದ್ದನ್ನೆಲ್ಲ ಉಂಡೆ. ಅಧ್ಯಕ್ಷರ ತಲೆ, ಹ್ಯಾಸ್‌ವೆಲನ ಹೊಗಳಿಕೆ, ಮೊದಲ ಪುಟ — ಇಷ್ಟು ದಿನ ಅದಕ್ಕೆಲ್ಲ ಉರಿದುಕೊಂಡೆ. ಈಗ ಆ ಒಂದು ಮಾವಿನಕಾಯಿಗೆ ಉರಿಯುತ್ತಿದ್ದೇನೆ.

ನಾಳೆ ಪೇಪರಿನಲ್ಲಿ ಅವಳೇ. ಹಿಟ್ಟಿನ ಮೂಟೆಗಳ ಮೇಲೂ ಅವಳದೇ ಫೋಟೋ ಬರಬಹುದು. ಸಂಕಟವಾಗುತ್ತಿದೆ, ಸುಳ್ಳೇಕೆ.

ಬಾಗಿಲು ತೆರೆದರು. ಮೊದಲು ನನ್ನ ವರದಿಯಂತೆ. ಬರೆದು ತಂದದ್ದನ್ನು ಹರಿದೆ. ಹೀಗೆ ಶುರುಮಾಡುತ್ತೇನೆ — ಮಾನ್ಯರೇ, ಆ ಊರಿನಲ್ಲಿ ಕೊನೆಯ ಬೀಜ ತಿಂದವಳು