ಎಡಗಡೆ ಸೀಟು

ಮೇ 11

ಬೆಳಿಗ್ಗೆಯಿಂದ ನಮ್ಮ ನರ್ಸರಿಯ ಸಸಿ ತುಂಬಿಸಿದ್ದೇ ಆಯಿತು. ನಿನ್ನೆಯ ಮಳೆಗೆ ಪ್ಲಾಸ್ಟಿಕ್ ತೊಟ್ಟೆಗಳ ಮಣ್ಣೆಲ್ಲ ನೀರು ಕುಡಿದು ಕಲ್ಲಿನ ಹಾಗೆ ಭಾರ. ಪಿಕಪ್ಪಿನಲ್ಲಿ ಮೆಣಸಿನ ಬಳ್ಳಿ, ಟ್ರೈಲರಿನಲ್ಲಿ ಕಾಫಿ. ವಿರಾಜಪೇಟೆ ಕಡೆಯ ಎಸ್ಟೇಟಿಗೆ. ಇವರು ಎಂದಿನಂತೆ ಎಡಗಡೆ ಸೀಟಿನಲ್ಲಿ. ಸೊಂಟಕ್ಕೆ ಬೆಲ್ಟು, ಬೆನ್ನಿಗೆ ದಿಂಬು, ಬಾಯಿಗೆ ಬಿಡುವಿಲ್ಲ. “ಸೆಕೆಂಡಿಗೆ ಹಾಕ್. ಕ್ಲಚ್ ಪೂರ್ತಿ ಒತ್ತ್. ಅಷ್ಟೊಂದ್ ಬ್ರೇಕ್ ಬೇಡ.” ಹೋದ ವರ್ಷ ಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದ ಮೇಲೆ ಇವರಿಗೆ ಕ್ಲಚ್ ಒತ್ತಲು ಆಗುವುದಿಲ್ಲ. ಡ್ರೈವಿಂಗ್ ನನಗೆ ಬಂತು. ಗಾಡಿ ಮಾತ್ರ ಇನ್ನೂ ಇವರೇ ಓಡಿಸುತ್ತಾರೆ — ಬಾಯಲ್ಲಿ.

ಬೇತ್ರಿ ಸೇತುವೆಗೆ ಇಳಿಯುವಾಗ ಆಗಿದ್ದನ್ನು ಬರೆಯಲೇಬೇಕು. ಭಾರಕ್ಕೆ ಗಾಡಿಯ ಹಿಂಭಾಗ ಕೂತುಬಿಟ್ಟಿತ್ತು, ಮೂತಿ ಮೇಲೆ. ಸ್ಟೇರಿಂಗ್ ಹಗುರ, ನೀರಲ್ಲಿ ತೇಲಿದ ಹಾಗೆ. ಟ್ರೈಲರ್ ಎಡಕ್ಕೊಮ್ಮೆ ಬಲಕ್ಕೊಮ್ಮೆ ಬೀಸಲು ಶುರು. ಎದುರಿಂದ ಬಸ್ಸು. ಇವರು ಆಗ ಮಾತ್ರ ಏನೂ ಹೇಳಲಿಲ್ಲ. ಒಂದು ಅಕ್ಷರವೂ ಇಲ್ಲ.

ಹೇಗೆ ದಾಟಿದೆನೋ ಗೊತ್ತಿಲ್ಲ. ಬಸ್ಸಿನವನು ಬೈದುಕೊಂಡು ಹೋದ. ಸೇತುವೆ ಹತ್ತಿರ ನಿಲ್ಲಿಸಿದೆ. ಇವರು ತೊಡೆ ಮೇಲೆ ಕೈ ಇಟ್ಟುಕೊಂಡು ಹೊಳೆ ನೋಡುತ್ತಿದ್ದರು. ಎಷ್ಟೋ ಹೊತ್ತಿನ ಮೇಲೆ, “ಗೋಣಿಕೊಪ್ಪಕ್ಕೆ ಹೋಕು. ಹಿಂದೆ ಸ್ಪ್ರಿಂಗ್ ಪ್ಲೇಟ್ ಹಾಕ್ಸುಕು” ಅಂದರು.

ಮೇ 13

ಗೋಣಿಕೊಪ್ಪ. ಅನಿಲ್‌ಕುಮಾರನ ಗ್ಯಾರೇಜು. ಶನಿವಾರಸಂತೆ ಕಡೆಯವನು, ಸ್ಪ್ರಿಂಗ್ ಪ್ಲೇಟಿನ ಕೆಲಸಕ್ಕೆ ಎಲ್ಲರೂ ಅವನ ಹತ್ತಿರವೇ. ಗಾಡಿಯ ಕೆಳಗೆ ಟಾರ್ಚ್ ಬಿಟ್ಟು ನೋಡಿದ. ಕಮಾನಿನ ಹಾಗೆ ಬಾಗಿರಬೇಕಾದ ಪ್ಲೇಟುಗಳು ಚಪ್ಪಟೆ. ಶಾಕ್ ಅಬ್ಸಾರ್ಬರ್ ಎರಡೂ ಸೋರಿವೆ.

“ಎರಡು ಪ್ಲೇಟ್ ಜಾಸ್ತಿ ಹಾಕಿದ್ರೆ ಎಷ್ಟು ಲೋಡಿಗೂ ಕೂರಲ್ಲ ಅಕ್ಕ” ಅಂದ. ಆಮೇಲೆ ಇವರನ್ನು, ಇವರ ಬೆಲ್ಟನ್ನು ನೋಡಿದ. “ಆದ್ರೆ ಖಾಲಿ ಬರುವಾಗ ಎತ್ತೆತ್ತಿ ಹಾಕುತ್ತೆ, ತೀರ್ಥಣ್ಣ.”

“ಇರ್ಲಿ. ಎರಡೂ ಹಾಕಿ” ಅಂದರು ಇವರು.

ಇಬ್ಬರೂ ಹೊರಗೆ ಹೋಗಿ ಏನೋ ಮಾತಾಡಿದರು. ನಾನು ಕ್ಯಾಂಟೀನಿನಲ್ಲಿ ಚಹಾ ಕುಡಿಯುತ್ತಿದ್ದೆ. ಇನ್ನೊಂದು ವಿಷಯ ಕಲಿತೆ — ಟ್ರೈಲರಿನಲ್ಲಿ ಭಾರ ಹಿಂದೆ ಹೋದರೆ ಬಾಲ ಬೀಸುತ್ತದಂತೆ. ತುಸು ಮುಂದಕ್ಕೇ ಇರಬೇಕು. ಇಷ್ಟು ದಿನ ಕೈಗೆ ಸಿಕ್ಕಿದ ಹಾಗೆ ತುಂಬಿಸುತ್ತಿದ್ದೆವು.

ಮೇ 16

ಫುಲ್ ಲೋಡ್. ಅದೇ ಬೇತ್ರಿ ಇಳಿಜಾರು. ಗಾಡಿ ನೆಟ್ಟಗೆ ನಿಂತಿತ್ತು. ಟ್ರೈಲರ್ ಹಸುವಿನ ಹಿಂದೆ ಕರು ಬಂದಂತೆ ಬಂತು. ಸ್ಟೇರಿಂಗ್ ಕೈಯಲ್ಲಿದೆ ಅನ್ನುವ ಧೈರ್ಯ. ಇವರ ಮುಖದಲ್ಲಿ ಎಷ್ಟೋ ದಿನದ ಮೇಲೆ ಒಂದು ನಗು.

ಖಾಲಿ ಗಾಡಿಯಲ್ಲಿ ವಾಪಸ್ಸು ಬರುವಾಗ ಇವರು ಮಾತಾಡಲಿಲ್ಲ. ಸುಸ್ತಾಗಿರಬೇಕು.

ಮೇ 22

ಹೊರಡುವಾಗ ಇವರು ದಿಂಬು ತರಲೇ ಇಲ್ಲ. “ನಾ ಮನೆಲೇ ಇದ್ದನೆ. ಬೆಣ್ಣೆಹಣ್ಣಿನ ಸಸಿಗೆ ಕಸಿ ಕಟ್ಟುವ ಕೆಲ್ಸ ಉಟ್ಟು.”

ಸರಿ ಅಂದೆ. ಗೇಟು ದಾಟಿದ ಮೇಲೆ ರೇಡಿಯೊ ಜೋರು ಮಾಡಿದೆ. ಗೇರ್ ಹೇಳುವವರಿಲ್ಲ, ಬ್ರೇಕ್ ಹೇಳುವವರಿಲ್ಲ. ಮೂರ್ನಾಡಿನಲ್ಲಿ ನಿಲ್ಲಿಸಿ ಬಿಸಿ ಗೋಳಿಬಜೆ ತಿಂದೆ. ಒಬ್ಬಳೇ. ಖುಷಿಯಾಯಿತು. ಯಾರೂ ಓದುವುದಿಲ್ಲವಲ್ಲ, ಬರೆಯುತ್ತೇನೆ — ಬಹಳ ಖುಷಿಯಾಯಿತು.

ಜೂನ್ 3

ಈಗ ಯಾವ ಟ್ರಿಪ್ಪಿಗೂ ಬರುವುದಿಲ್ಲ. ಕರೆದರೆ ಏನಾದರೊಂದು ಕೆಲಸ. ಇವತ್ತು, “ನೀ ಚೆನ್ನಾಗಿ ಓಡ್ಸಿಕೆ ಕಲ್ತಾತಲ್ಲ. ನಾ ಎಂಥಕೆ?” ಅಂದರು. ಹೊಗಳಿದರೋ ಚುಚ್ಚಿದರೋ ತಿಳಿಯಲಿಲ್ಲ.

ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಕೇಳಿದ, “ಸಾರ್ ಎಲ್ಲಿ?” ಅಂತ. ಮನೆಯಲ್ಲಿ ಅಂದೆ. ಸಸಿ ಇಳಿಸುವಾಗ ಒಂದು ತೊಟ್ಟೆ ಒಡೆಯಿತು. ಇವರಿದ್ದರೆ ಗಲಾಟೆ ಮಾಡಿರುತ್ತಿದ್ದರು. ಮಣ್ಣು ಬಾಚುವಾಗ ಆ ಗಲಾಟೆ ಬೇಕೆನಿಸಿತು.

ಜೂನ್ 12

ಡಾಕ್ಟರ್ ಹೇಳಿದ ಚೆಕಪ್ ಇವತ್ತು, ಮಡಿಕೇರಿಯಲ್ಲಿ. ನಾನು ಕರೆದುಕೊಂಡು ಹೋಗುತ್ತೇನೆ ಅಂದರೆ ಬೇಡ, ದೇರಪ್ಪನ ಕಾರಿನಲ್ಲಿ ಹೋಗುತ್ತೇನೆ ಅಂದಿದ್ದರು. ದೇರಪ್ಪ ಇವರ ಚಿಕ್ಕಪ್ಪನ ಮಗ. ನಂಬಿದೆ.

ಮಧ್ಯಾಹ್ನ ಪೇಟೆಯಲ್ಲಿ ಪೂವಮ್ಮ ಆಂಟಿ ಸಿಕ್ಕಿದರು. ನಮ್ಮ ತೋಟದ ಮೇಲಿನ ಎಸ್ಟೇಟಿನವರು, ಒಳಗೊಂದು ಹೊರಗೊಂದು ಇಲ್ಲ. “ಏನು ಯಮುನ, ಗಂಡನ್ನ ಬಸ್ಸಲ್ಲಿ ಕಳಿಸಿದ್ದೀಯ? ಪಾಪ, ನಾನಿದ್ದ ಬಸ್ಸಲ್ಲೇ ಕಂಬಿ ಹಿಡ್ಕೊಂಡು ನಿಂತಿದ್ದ. ಸೀಟು ಕೊಟ್ರೂ ಕೂರಲಿಲ್ಲ.”

ಮುಖ ಬಿಸಿಯಾಯಿತು. ಮನೆಯಲ್ಲಿ ಗಾಡಿ ಇದೆ, ಓಡಿಸಲು ಹೆಂಡತಿ ಇದ್ದಾಳೆ. ಬಸ್ಸು. ಅದೂ ಸುಳ್ಳು ಹೇಳಿ.

ಸಂಜೆ ಕೇಳಿದೆ. “ನಿಮ್ಗೆ ನನ್ನ ಡ್ರೈವಿಂಗ್ ಮೇಲೆ ನಂಬಿಕೆ ಇಲ್ಲೆನಾ? ಆ ದಿನ ಬೇತ್ರಿಲಿ ಆದ್ದು ಇನ್ನೂ ಮನಸ್ಸ್‌ಲಿ ಉಟ್ಟಾ?”

“ಅದಲ್ಲ” ಅಂದರು. ಮತ್ತೆ ಏನು ಅಂದರೆ ತಟ್ಟೆ ಹತ್ತಿರಕ್ಕೆ ಎಳೆದುಕೊಂಡರು. ಕಡುಬು ಬಡಿಸಿ ಎದ್ದು ಬಂದೆ.

ಜೂನ್ 14

ಪೂವಮ್ಮ ಆಂಟಿಯ ಕಾರು ಇನ್ನೂ ಸರ್ವೀಸಿನಿಂದ ಬಂದಿಲ್ಲ. ಡೆಲಿವರಿ ಮುಗಿಸಿ ಬರುವಾಗ ಮೂರ್ನಾಡಿನಲ್ಲಿ ಕೈ ತೋರಿಸಿದರು, ಹತ್ತಿಸಿಕೊಂಡೆ. ಗಾಡಿ ಖಾಲಿ, ಟ್ರೈಲರ್ ಖಾಲಿ. ಎಡಗಡೆ ಸೀಟಿನಲ್ಲಿ ಕೂತರು.

ಟಾರು ಮುಗಿದು ನಮ್ಮ ಕಡೆಯ ರಸ್ತೆ ಶುರುವಾಯಿತು. ಮೊದಲ ಹೊಂಡಕ್ಕೆ ಆಂಟಿ ಅಯ್ಯೋ ಅಂದರು. ಎರಡನೆಯದಕ್ಕೆ ಡ್ಯಾಶ್‌ಬೋರ್ಡ್ ಹಿಡಿದರು. ಮೂರನೆಯದಕ್ಕೆ, “ನಿಲ್ಲಿಸು ಯಮುನ. ನಡ್ಕೊಂಡೇ ಹೋಗ್ತೀನಿ.”

ನಾನು ನಕ್ಕೆ. ಅವರು ನಗಲಿಲ್ಲ. ಇಳಿದು ಮಂಡಿ ಉಜ್ಜಿಕೊಂಡು ಬಾಗಿಲು ಹಿಡಿದು ನಿಂತರು. “ನಿಂಗೆ ಗೊತ್ತಾಗಲ್ಲ. ಸ್ಟೇರಿಂಗ್ ಹಿಡ್ಕೊಂಡಿದ್ದೀಯ, ಹೊಂಡ ಮೊದಲೇ ಕಾಣುತ್ತೆ, ಮೈ ಗಟ್ಟಿ ಮಾಡ್ಕೊಳ್ತೀಯ. ಈ ಸೀಟಲ್ಲಿ ಕೂತು ನೋಡು. ಆ ಬೆನ್ನು ಇಟ್ಕೊಂಡು ನಿನ್ನ ಗಂಡ ಇದ್ರಲ್ಲಿ ಹೇಗೆ ಬರ್ತಾನೆ?”

ಬರುವುದಿಲ್ಲ ಆಂಟಿ. ಅದನ್ನು ನುಂಗಿಕೊಂಡು ಗೇರ್ ಹಾಕಿದೆ.

ಮನೆ ತಲುಪಿದಾಗ ಇವರು ನರ್ಸರಿಯ ಶೆಡ್ಡಿನಲ್ಲಿ ನಿಂತುಕೊಂಡೇ ಕಸಿ ಕಟ್ಟುತ್ತಿದ್ದರು. ಹೋಗಿ ಎದುರು ನಿಂತೆ. “ಆ ಪ್ಲೇಟಿಂದ ನಿಮ್ಗೆ ಕೂತ್ಕೊಂಬಕೆ ಆಗುದಿಲ್ಲೆ ಅಲ್ಲವಾ?”

ಕೈಯಲ್ಲಿದ್ದ ಚಾಕು ಕೆಳಗಿಟ್ಟರು. ಸುಳ್ಳು ಹೇಳಲು ಹೊರಟು ಕೈಬಿಟ್ಟ ಮುಖ.

“ಬೇತ್ರಿಲಿ ಆ ದಿನ ನನ್ನ ಕೈಲಿ ಎಂಥದೂ ಇಲ್ಲೆ ಯಮುನ. ಸ್ಟೇರಿಂಗ್ ಇಲ್ಲೆ, ಬ್ರೇಕ್ ಇಲ್ಲೆ. ಬಸ್ಸು ನಿನ್ನ ಬದಿಗೇ ಬಂದುಕೊಂಡು ಉಟ್ಟು. ನಾ ಸುಮ್ಮನೆ ಕೂತು ನೋಡ್ದು.” ಕಟ್ಟಿದ ಕಸಿಯನ್ನು ಸಾಲಿನಲ್ಲಿ ಇಟ್ಟರು. “ಗಾಡಿ ಗಟ್ಟಿ ಇದ್ದರೆ ನೀ ಸರಿಯಾಗಿ ಮನೆಗೆ ಬಂದಿಯ ಅಂತ ಒಂದು ಧೈರ್ಯ. ನಾ ಇಲ್ಲಿ ಕೂತರೆ ಎಂಥ ಆದು?”

“ನನ್ನ ಕೇಳುಕಾಗಿತ್ತಲ್ಲಾ.”

“ಕೇಳಿರೆ ನೀ ಹಾಕ್ಸಿಕೆ ಬಿಡ್ತಿದ್ದಾ?”

ಇಲ್ಲ. ಬಿಡುತ್ತಿರಲಿಲ್ಲ. ಒಳಗೆ ಬಂದೆ. ರೇಡಿಯೊ ಜೋರು ಮಾಡಿಕೊಂಡು ಹೋದೆನಲ್ಲ... ಅಷ್ಟು ದಿನವೂ ಇವರು ಗೇಟಿನ ಸದ್ದಿಗೆ ಕಾಯುತ್ತಿದ್ದರು.

ಜೂನ್ 17

ಹೇಳದೆ ಹೋದೆ, ಗೋಣಿಕೊಪ್ಪಕ್ಕೆ. ಅನಿಲ್‌ಕುಮಾರನಿಗೆ ನನ್ನನ್ನು ನೋಡಿದ ಕೂಡಲೇ ಗೊತ್ತಾಯಿತು. “ಅವತ್ತೇ ಹೇಳಿದ್ದೆ ಅಕ್ಕ, ತೀರ್ಥಣ್ಣಂಗೆ. ಎರಡೂ ಬೇಡ, ಒಂದು ಹೆಲ್ಪರ್ ಪ್ಲೇಟ್ ಹಾಕೋಣ ಅಂತ. ಅದು ಬೇರೆ ಪ್ಲೇಟ್‌ಗಳ ಮೇಲೆ ಕೂತಿರುತ್ತೆ. ಖಾಲಿ ಇದ್ದಾಗ ತುದಿ ಯಾವುದನ್ನೂ ಮುಟ್ಟಲ್ಲ, ಗಾಡಿ ಮೆತ್ತಗೆ ಹೋಗುತ್ತೆ. ಲೋಡ್ ಬಿದ್ದಾಗ ಮಾತ್ರ ಬ್ರಾಕೆಟ್ಟಿಗೆ ತಾಗಿ ಭಾರ ಹೊರುತ್ತೆ. ಆದ್ರೆ ಈಗಿನಷ್ಟು ತುಂಬೋ ಹಾಗಿಲ್ಲ.”

“ಮತ್ತೆ ಯಾಕೆ ಬೇಡ ಅಂದ್ರು?”

“ಲೋಡ್ ಕಮ್ಮಿ ಮಾಡಿದ್ರೆ ನೀವು ಎರಡೆರಡು ಸಲ ಹೋಗಬೇಕಲ್ಲ. ಮಳೇಲಿ ಅವಳು ಅಷ್ಟು ಓಡಾಡೋದು ಬೇಡ ಅಂದ್ರು.”

ಕ್ಯಾಂಟೀನಿನಲ್ಲಿ ಚಹಾ ಕುಡಿಯುತ್ತಾ ನಾನು ಕೇಳಿಸಿಕೊಳ್ಳದ ಮಾತು ಇದು.

ಯೋಚಿಸಿದೆ. ನೆಡುವ ಸೀಸನ್. ಎಲ್ಲರಿಗೂ ಈ ವಾರವೇ ಸಸಿ ಬೇಕು. ತಡವಾದರೆ ಬೇರೆ ನರ್ಸರಿಗೆ ಹೋಗುತ್ತಾರೆ. ಹೋಗಲಿ.

“ಎರಡನ್ನೂ ತೆಗೀರಿ, ಹೆಲ್ಪರ್ ಹಾಕಿ” ಅಂದೆ.

ಜೂನ್ 18

ಇವರಿಗೆ ಸಿಟ್ಟು ಬಂದಿತ್ತು. ಬೆಳಗಿನ ಕಾಫಿಯನ್ನು ನನಗೆ ಬೆನ್ನು ಹಾಕಿ ಕುಡಿದರು. ಆಮೇಲೆ ಅಂಗಳಕ್ಕೆ ಬಂದು ಗಾಡಿಯ ಸುತ್ತ ಒಂದು ಸುತ್ತು ಹಾಕಿದರು. ಬಗ್ಗಿ ನೋಡಲು ಆಗುವುದಿಲ್ಲ. “ಗೋಣಿಚೀಲ ಹಾಸಿ ಕೆಳಗೆ ಹೋಗಿ ನೋಡ್. ಹೆಲ್ಪರ್ ತುದಿಗೂ ಬ್ರಾಕೆಟ್ಟಿಗೂ ಸಂದು ಎಷ್ಟು ಉಟ್ಟು?”

ನೈಟಿ ಮೇಲೆ ಇವರ ಹಳೆ ಶರ್ಟು ಹಾಕಿಕೊಂಡು ಮಲಗಿದೆ. “ಎರಡು ಬೆರಳು.”

ನಮ್ಮಲ್ಲಿ ಕೆಲಸಕ್ಕೆ ಬರುವ ಚಿನ್ನ ಪಿಕಪ್ಪಿನಲ್ಲೂ ಟ್ರೈಲರಿನಲ್ಲೂ ತೊಟ್ಟೆ ತಂದು ತಂದು ಇಟ್ಟಳು. ಇವರು ಎಲ್ಲಿಡಬೇಕು ಅಂತ ಕೋಲಿನಲ್ಲಿ ತೋರಿಸಿದರು. ನಾನು ಕೆಳಗಿನಿಂದ ಕೂಗುವುದು. ಒಂದು ಬೆರಳು. ಅರ್ಧ. ಆಮೇಲೆ ಕಬ್ಬಿಣಕ್ಕೆ ಕಬ್ಬಿಣ ಮೆಲ್ಲಗೆ ತಾಗಿದ್ದು ಕಣ್ಣೆದುರೇ ಕಂಡಿತು.

“ತಾಗಿತು” ಅಂದೆ.

“ಇನ್ನೂ ಒಂದು ಸಾಲು ಇಡ್. ಸಾಕು, ಸಾಕು. ಇನ್ನು ಬೇಡ.” ಟ್ರೈಲರಿನ ಹಿಂದಿನ ಜಾಗ ಖಾಲಿ ಉಳಿಯಿತು. ಅಲ್ಲಿಗೇ ಹಗ್ಗ ಕಟ್ಟಿ ಗುರುತು ಮಾಡಿದರು. ಅದರಾಚೆ ಸಸಿ ಇಡಬಾರದು.

ಹೊರಗೆ ಬಂದಾಗ ನನ್ನ ಮುಖ ನೋಡಿ ಚಿನ್ನ ನಕ್ಕಳು. ಗ್ರೀಸು. ಇವರು ಟವೆಲ್ಲಿನಲ್ಲಿ ಒರೆಸಿದರು. ಸಿಟ್ಟು ಇನ್ನೂ ಪೂರ್ತಿ ಹೋಗಿರಲಿಲ್ಲ, ಒರೆಸಿದ ರೀತಿಯಲ್ಲೇ ಗೊತ್ತಾಯಿತು.

ಜೂನ್ 29

ಮಳೆ. ವಾರದಿಂದ ಗಾಡಿ ತೆಗೆದಿಲ್ಲ. ಒಂದು ಎಸ್ಟೇಟಿನವರು ಬೇರೆ ಕಡೆ ಸಸಿ ತಗೊಂಡೆವು ಅಂತ ಫೋನ್ ಮಾಡಿದರು. ಇವರು ನನ್ನ ಮುಖ ನೋಡಿದರು. ನಾನು ಕಸಿ ಕಟ್ಟುವ ಪ್ಲಾಸ್ಟಿಕ್ ಕತ್ತರಿಸುತ್ತಾ ಕೂತೆ.

ಜುಲೈ 6, ಸಂಜೆ 5.30. ಗಾಡಿಯಲ್ಲಿ.

ಬಿಲ್ ಬುಕ್ಕಿನ ಹಿಂದೆ ಬರೆಯುತ್ತಿದ್ದೇನೆ. ಆಮೇಲೆ ಡೈರಿಯಲ್ಲಿ ಅಂಟಿಸಬೇಕು.

ಶಿರಂಗಾಲಕ್ಕೆ ಬೆಣ್ಣೆಹಣ್ಣಿನ ಸಸಿ. ಇಷ್ಟು ದೂರದ ಆರ್ಡರ್ ಇದೇ ಮೊದಲು. ಬೆಳಿಗ್ಗೆ ಸ್ಟಾರ್ಟ್ ಮಾಡಿದೆ, ಎಡಗಡೆ ಬಾಗಿಲು ತೆರೆಯಿತು. ಇವರು. ದಿಂಬು ಬೆನ್ನಿಗಿಟ್ಟು ಬಾಗಿಲು ಹಾಕಿಕೊಂಡರು.

ಹೋಗುವಾಗ ಲೋಡಿತ್ತು, ಗಾಡಿ ನಿಧಾನ. ಆನೆಕಾಡು ಇಳಿದು ಕುಶಾಲನಗರ ದಾಟಿದ ಮೇಲೆ ಮಳೆಯೇ ಇಲ್ಲ, ಬಿಸಿಲು. ತೋಟದ ಶಾಂತಪ್ಪನವರು ಪ್ರತಿ ಸಸಿಯನ್ನೂ ಎತ್ತಿ ನೋಡಿದರು. “ಚೆನ್ನಾಗ್ ಕಟ್ಟವ್ರೆ ಕಸೀನ. ಯಾರು?” ಅಂದರು. ನಾನು ಇವರ ಕಡೆ ಕೈ ತೋರಿಸಿದೆ. ಅವರ ಹೆಂಡತಿ ಕಾಂತಮ್ಮನವರು ಊಟ ಮಾಡದೆ ಕಳಿಸಲಿಲ್ಲ. “ಕೂತ್ಕಳಿ, ಮುದ್ದೆ ಬಿಸಿ ಐತೆ.” ಇವರು ಮಣೆ ಬೇಡ ಅಂತ ಕಟ್ಟೆ ಮೇಲೆ ಕೂತು ಉಂಡರು. ಮುಂದಿನ ವರ್ಷಕ್ಕೂ ಸಸಿ ಹೇಳಿದ್ದಾರೆ.

ವಾಪಸ್ಸು ಬರುವಾಗ ಖಾಲಿ. ನನಗೆ ಅದೇ ಭಯ. ಪ್ರತಿ ಹೊಂಡಕ್ಕೂ ಓರೆಗಣ್ಣಿನಲ್ಲಿ ನೋಡಿದೆ. ಹುಬ್ಬು ಗಂಟಿಕ್ಕುತ್ತದೋ, ಕೈ ಡ್ಯಾಶ್‌ಬೋರ್ಡಿಗೆ ಹೋಗುತ್ತದೋ ಅಂತ. ಮಡಿಕೇರಿಯಲ್ಲಿ ಒಮ್ಮೆ ಹೋಯಿತು. ನಿಲ್ಲಿಸಲಾ ಅಂದೆ. ಬೇಡ ಅಂದರು. ಪೂರ್ತಿ ನೋವಿಲ್ಲ ಅಂತಲ್ಲ. ಆದರೆ ಮಾತಾಡುತ್ತಿದ್ದರು. ಶಾಂತಪ್ಪನವರ ಬೋರ್‌ವೆಲ್, ಮುದ್ದೆ, ಮುಂದಿನ ವರ್ಷ ಎಷ್ಟು ಕಸಿ. ಮಾತು ಹಾಗೇ ನಿಧಾನವಾಯಿತು. ಮೂರ್ನಾಡು ದಾಟುವಾಗ ನೋಡಿದೆ, ತಲೆ ಬಾಗಿಲಿಗೆ ಒರಗಿದೆ. ನಿದ್ದೆ.

ನಮ್ಮ ಹಾಳು ರಸ್ತೆ ಪೂರ್ತಿ ಏಳಲಿಲ್ಲ.

ಈಗ ಗೇಟಿನ ಮುಂದೆ ನಿಲ್ಲಿಸಿದ್ದೇನೆ. ಸದ್ದು ನಿಂತರೆ ಎಚ್ಚರವಾಗುತ್ತದೆ ಅಂತ ಇಂಜಿನ್ ಆಫ್ ಮಾಡಿಲ್ಲ. ಡೀಸೆಲ್ ಉರಿಯಲಿ. ಇವರ ಬಾಯಿ ಸ್ವಲ್ಪ ತೆರೆದಿದೆ. ಚಿನ್ನ ದೀಪ ಹಾಕಿ ಹೊರಗೆ ಬಂದು ನೋಡಿದಳು, ಒಳಗೆ ಹೋಗು ಅಂತ ಕೈ ಸನ್ನೆ ಮಾಡಿದೆ. ಮಳೆ ಹನಿಯುತ್ತಿದೆ. ವೈಪರ್ ಕೂಡ ಹಾಕಿಲ್ಲ.

ಅಲುಗಾಡಿದರು. ಕಣ್ಣು ಬಿಡದೆಯೇ ಕೇಳುತ್ತಿದ್ದಾರೆ, “ಮನೆ ಬಂತಾ?”

ಇಲ್ಲೆ, ಇನ್ನೂ ದೂರ ಉಟ್ಟು ಅಂದೆ. ಗೇಟು ಎದುರಿಗೇ ಇದೆ.